‘ಬೈ’ ಇಲ್ಲದ ವಾಕ್ಯ

ಕಾಲು ಅಲುಗಾಡುತ್ತಿದ್ದ ಕುರ್ಚಿಯೊಂದನ್ನು ತಂಗಿ ಸಾಲಿನಿಂದ ಹೊರಗೆಳೆಯುತ್ತಿದ್ದಾಗ ಒಳಗಿನಿಂದ ಬಿಕ್ಕಿ ಬಿಕ್ಕಿ ಅಳುವ ಸದ್ದು ಕೇಳಿತು. ಗಂಡಸಿನ ಅಳು. ಹೋಗಿ ನೋಡಿದರೆ, ಅಕ್ಕನ ಶವದ ಪೆಟ್ಟಿಗೆಯ ಅಂಚು ಹಿಡಿದು ಮುದುಕನೊಬ್ಬ ನಿಂತಿದ್ದ. ಅವಳು ಅವನನ್ನು ಎಂದೂ ಕಂಡಿರಲಿಲ್ಲ.

“ಯಾರೇ ಇವ್ರು?” ಪಕ್ಕದ ಮನೆಯಾಕೆ ಪಿಸುಗುಟ್ಟಿದಳು. “ನಮ್ಮೆಲ್ಲರ ಪಾಲಿನದೂ ಸೇರಿಸಿ ಅಳ್ತಿದ್ದಾರೆ!”

ಅಕ್ಕ ಮದುವೆಯಾಗಿರಲಿಲ್ಲ. ಪಕ್ಕದ ಮನೆಯಾಕೆಯ ಹುಬ್ಬು ಎತ್ತ ಕಡೆ ಏರುತ್ತಿದೆ ಎಂಬುದು ತಂಗಿಗೆ ತಿಳಿಯಿತು. ಮುದುಕನನ್ನು ಅಡುಗೆಮನೆಗೆ ಕರೆದೊಯ್ದು ಲೋಟಕ್ಕೆ ನೀರು ಬಗ್ಗಿಸಿದಳು.

“ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ನಾನು ಆಪರೇಟರ್ ಆಗಿದ್ದೆ, ಅಮ್ಮ. ಮೇಡಂ ಅಲ್ಲೇ ಟೈಪಿಸ್ಟು. ಗೇಟಣ್ಣನ ಬೆರಳು ಹೋಯ್ತಲ್ಲ... ಅವತ್ತು ಮಿಷನ್ ಸ್ವಿಚ್ ಹಾಕಿದ್ದು ನಾನು.”

ಲೋಟ ತಂಗಿಯ ಕೈಯಲ್ಲೇ ಉಳಿಯಿತು. ಗೇಟಣ್ಣ ಹೊರಗೇ ಕೂತಿದ್ದ. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದ ಮೇಲೆ ಕಾರ್ಖಾನೆಯವರು ಅವನನ್ನು ಗೇಟು ಕಾಯಲು ಹಾಕಿದ್ದರು. ಅಂದಿನಿಂದ ಅದೇ ಅವನ ಹೆಸರು. ಅಕ್ಕ ಪ್ರತಿ ಭಾನುವಾರ ಅವನ ಮನೆಗೆ ಹೋಗಿ, ಎಡಗೈಯಲ್ಲಿ ಬರೆಯಲು ಕಲಿಸಿದ್ದಳು. ಬರೆಯಲು ಬಂದ ಮೇಲೂ ಹೋಗುವುದನ್ನು ಬಿಟ್ಟಿರಲಿಲ್ಲ.

“ಅವನ ಕೈ ಇನ್ನೂ ಒಳಗಿರೋದನ್ನ ನಾನು ನೋಡ್ಲಿಲ್ಲ. ತಪ್ಪು ನಂದೇ ಅಂತ ಬರ್ಕೊಟ್ಟೆ. ಅದನ್ನ ಇಂಗ್ಲಿಷಿಗೆ ಹಾಕುವಾಗ ಮೇಡಂ, ‘ದಿ ಮಿಷನ್ ವಾಸ್ ಸ್ವಿಚ್ಡ್ ಆನ್’ ಅಂತ ಹೊಡೆದ್ರಂತೆ, ನನ್ನ ಹೆಸರೇ ಇಲ್ದೆ. ಅಷ್ಟೇ. ಮೇಲಿನವರು ಸಹಿ ಹಾಕಿ ಫೈಲ್ ಮುಚ್ಚಿದ್ರು. ನನ್ನ ಮಗು ಹುಟ್ಟಿ ಆಗ ಎಂಟು ದಿನ.”

“ನೀವೇ ಕೇಳ್ಕೊಂಡ್ರಾ?”

“ಅಯ್ಯೋ ಇಲ್ಲಮ್ಮ. ಯಾಕೆ ಹಾಗೆ ಮಾಡಿದ್ರೋ, ಇವತ್ತಿಗೂ ಗೊತ್ತಿಲ್ಲ.”

*

ಆ ವರ್ಷ ತಂಗಿ ಇಂಗ್ಲಿಷಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದಿದ್ದಳು. ಕಾರ್ಖಾನೆಯಿಂದ ಬಂದವಳೇ ಅಕ್ಕ ಅವಳನ್ನು ಮೇಜಿನ ಮುಂದೆ ಕೂರಿಸಿಕೊಂಡು ಕರ್ತರಿ ವಾಕ್ಯಗಳನ್ನು ಕರ್ಮಣಿಗೆ ತಿರುಗಿಸಲು ಹೇಳಿಕೊಡುತ್ತಿದ್ದಳು.

“‘ದಿ ಕ್ಯಾಟ್ ಬ್ರೋಕ್ ದಿ ಗ್ಲಾಸ್.’ ಮಾಡು.”

“ದಿ ಗ್ಲಾಸ್... ವಾಸ್ ಬ್ರೋಕನ್ ಬೈ ದಿ ಕ್ಯಾಟ್.”

“ಸರಿ. ಬೆಕ್ಕನ್ನ ಬೈಯೋದು ಬೇಡ ಅನ್ಸಿದ್ರೆ ‘ಬೈ’ಯಿಂದಾಚೆಗೆ ಎಲ್ಲಾ ತೆಗೆದುಬಿಡು. ಅದೂ ಸರಿನೇ.”

ತಂಗಿಗೆ ನಗು ಬಂತು. “ಆಗ ಒಡೆದಿದ್ದು ಯಾರು?”

ಅಕ್ಕ ನಗಲಿಲ್ಲ. ಪೆನ್ಸಿಲಿನ ತುದಿ ಕಚ್ಚಿದಳು.

“ವಾಕ್ಯ ಪೂರ್ತಿ ಆಗತ್ತೆ,” ಎಂದಳು. “ಪರೀಕ್ಷೆಗೆ ಅಷ್ಟು ಸಾಕು.”

ಅಕ್ಕ ಮೊದಲ ಬಾರಿ ಗೇಟಣ್ಣನ ಮನೆಗೆ ಹೋದದ್ದು ಆ ಭಾನುವಾರವೇ.

*

ಮಣ್ಣು ಮುಚ್ಚಿ ಜನ ಚದುರಿದಾಗ ಗೇಟಣ್ಣ ತಂಗಿಯ ಬಳಿ ಬಂದ.

“ಮಿಷನಿನ ಆ ಕಡೆ ಮೂರು ಜನ ಇದ್ರು, ತಂಗಿ. ಯಾರೂ ಬಾಯಿ ಬಿಡ್ಲಿಲ್ಲ. ಒಂದೇ ಒಂದು ಸಲ ನಿಮ್ಮಕ್ಕನ್ನ ಕೇಳ್ದೆ, ಸ್ವಿಚ್ ಹಾಕಿದ್ಯಾರು ಅಂತ. ‘ನಾನು ಟೈಪ್ ಮಾಡಿದ ಕಾಗದದಲ್ಲಿ ಯಾರ ಹೆಸರೂ ಇಲ್ಲ’ ಅಂದ್ರು.” ಅವನು ಮೂಗೊರೆಸಿಕೊಂಡ. “ಅವರು ಸುಳ್ಳು ಹೇಳೋರಲ್ಲ. ಅಲ್ವಾ?”

ತಂಗಿ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಅಷ್ಟೊಂದು ಭಾನುವಾರಗಳನ್ನು ಅಕ್ಕ ಅಕ್ಕರೆಯಿಂದ ಕೊಟ್ಟಿದ್ದಳೋ, ತನಗೆ ತಾನೇ ಶಿಕ್ಷೆಯೆಂದು ವಿಧಿಸಿಕೊಂಡಿದ್ದಳೋ? ಕೇಳಲು ಅಕ್ಕನೇ ಇರಲಿಲ್ಲ. ಸ್ವಿಚ್ ಹಾಕಿದವನು ಯಾರೆಂದು ಹೇಳಿಬಿಡಲೇ ಎಂದು ಬಾಯಿ ತೆರೆದಳು.

ಅಷ್ಟರಲ್ಲಿ ಆಪರೇಟರ್ ಇವರತ್ತಲೇ ಬಂದ. ಗೇಟಣ್ಣನ ಮುಖ ಅರಳಿತು. “ಏನಯ್ಯಾ, ನೀನೂ ಬಂದಿದ್ಯಾ! ಎಷ್ಟು ವರ್ಷ ಆಯ್ತೋ ನಿನ್ನ ನೋಡಿ!”

ಆಪರೇಟರ್‌ನ ಕಣ್ಣು ಗೇಟಣ್ಣನ ಬೂಟಿನ ಮೇಲಿತ್ತು. ಲೇಸು ಬಿಚ್ಚಿ ಮಣ್ಣಿನಲ್ಲಿ ಎಳೆದಾಡುತ್ತಿತ್ತು. ಅವನು ಮೆಲ್ಲಗೆ ಮೊಣಕಾಲೂರಿ, ಅದನ್ನು ಕಟ್ಟತೊಡಗಿದ. ತಾನು ಬೀಳದಂತೆ ಗೇಟಣ್ಣ ತನ್ನ ಬಲಗೈಯನ್ನು ಅವನ ಹೆಗಲ ಮೇಲಿಟ್ಟ.

ಗಂಟು ಬಿದ್ದ ಮೇಲೂ ಆಪರೇಟರ್ ಏಳಲಿಲ್ಲ.

“ಸಾಕು, ಏಳಪ್ಪ,” ಎಂದ ಗೇಟಣ್ಣ. ಕೈಯನ್ನು ಮಾತ್ರ ತೆಗೆಯಲಿಲ್ಲ.