ಹೆಸರು ತೆಗೆದ ಕಾಯ್ದೆ

ನನ್ನ ಗಂಡ ಟಾಡ್ ಸತ್ತ ಮೇಲೆ ಅವನ ಹೆಸರನ್ನು ನಾನು ಒಂದೇ ಒತ್ತಿಗೆ ಇಳಿಸಬೇಕಾಯಿತು. ಅಷ್ಟು ಸಲ ಬರುತ್ತಿತ್ತು.

ಅದು ನನ್ನ ಕೆಲಸ. ಟೀವಿಯಲ್ಲಿ ಜನ ಮಾತಾಡುವಾಗ ಪರದೆಯ ಕೆಳಗೆ ಅವರ ಮಾತು ಅಕ್ಷರವಾಗಿ ಓಡುತ್ತದಲ್ಲ, ಅದನ್ನು ಬರೆಯುವವರಲ್ಲಿ ನಾನೊಬ್ಬಳು. ಕಿವಿ ಕೇಳದವರಿಗೆ, ಆಸ್ಪತ್ರೆಯಲ್ಲಿ ಸರದಿ ಕಾಯುವವರಿಗೆ, ಗದ್ದಲದ ಬಾರಿನಲ್ಲಿ ಕೂತವರಿಗೆ. ಮನೆಯ ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಶೀಘ್ರಲಿಪಿ ಯಂತ್ರದ ಮುಂದೆ ಕೂರುತ್ತೇನೆ. ಅದರಲ್ಲಿ ಒಂದೊಂದೇ ಅಕ್ಷರ ಒತ್ತುವುದಿಲ್ಲ. ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಪದ. ಪದೇ ಪದೇ ಬರುವ ಮಾತಾದರೆ ಇಡೀ ವಾಕ್ಯಕ್ಕೇ ಒಂದು ಒತ್ತನ್ನು ಗೊತ್ತುಮಾಡಿಕೊಳ್ಳಬಹುದು. ನಿಯಮ ಒಂದೇ. ಹೇಳಿದ್ದನ್ನೆಲ್ಲ ಬರೆಯಬೇಕು, ಹೇಳದ್ದನ್ನು ಬರೆಯಬಾರದು.

ಮಧ್ಯಾಹ್ನ ನನಗೆ ರಿಪಬ್ಲಿಕನ್ನರ ಕೆಂಪು ಚಾನೆಲ್, ಸಂಜೆ ಡೆಮಾಕ್ರಟರ ನೀಲಿ ಚಾನೆಲ್. ನಡುವೆ ಒಂದು ಸ್ಯಾಂಡ್‌ವಿಚ್ ತಿನ್ನುವಷ್ಟು ಬಿಡುವು.

ಟಾಡ್ ಹೆದ್ದಾರಿ ರಿಪೇರಿಯ ತಂಡದಲ್ಲಿದ್ದ. ರಿಪೇರಿಗೆಂದು ಮುಚ್ಚಿದ್ದ ರಸ್ತೆಯ ಸಾಲಿನೊಳಗೆ ಒಂದು ಕಾರು ನುಗ್ಗಿ ಅವನಿಗೆ ಗುದ್ದಿತು. ಅಂಥ ಕಡೆ ಕೆಲಸದವರ ಬೆನ್ನಿಗೆ ಒಂದು ದೊಡ್ಡ ಲಾರಿ ನಿಲ್ಲಿಸುವುದುಂಟು, ಹಿಂಬದಿಯಲ್ಲಿ ಗುದ್ದು ತಾಳುವ ದಪ್ಪ ಮೆತ್ತೆ ಇರುವಂಥದ್ದು. ಗುತ್ತಿಗೆದಾರ ಅದನ್ನು ತರಿಸಿರಲಿಲ್ಲ. ತರಿಸಲೇಬೇಕೆಂಬ ಕಾನೂನೂ ಇರಲಿಲ್ಲ.

ನಮ್ಮಲ್ಲಿ ಸತ್ತವರ ಹೆಸರನ್ನು ಕಾನೂನಿಗೆ ಇಡುತ್ತಾರೆ. ಆಗ ಗವರ್ನರ್ ಕೆಂಪು ಪಕ್ಷದವರು. ನೀಲಿ ಪಕ್ಷದ ರಾಜ್ಯ ಸೆನೆಟರ್ ಗೇಲ್ ಪ್ರೂಯಿಟ್ ನಮ್ಮ ಮನೆಗೆ ಬಂದು, ನನ್ನ ಕೈ ಹಿಡಿದು, ಲಾರಿ ಕಡ್ಡಾಯ ಮಾಡುವ ಮಸೂದೆ ತರುತ್ತೇನೆ ಎಂದರು. ಹೆಸರು ‘ಟಾಡ್‌ನ ಕಾಯ್ದೆ’. ನಾನು ನೀಲಿ ಚಾನೆಲ್ಲಿಗೆ ಹೋಗಿ ಕೂತೆ. ಸ್ಟುಡಿಯೋದ ದೀಪಕ್ಕೆ ಕಣ್ಣಲ್ಲಿ ನೀರು ಬಂತು. ‘ಈ ವಿಧವೆಯ ಕಣ್ಣೀರಿಗೆ ಗವರ್ನರರ ಹತ್ತಿರ ಉತ್ತರ ಇದೆಯೇ?’ ಎಂದು ನಿರೂಪಕಿ ಕೇಳಿದಳು.

ಮರುದಿನ ಮಧ್ಯಾಹ್ನ ನಾನು ಕೆಲಸದಲ್ಲಿದ್ದೆ. ‘ಸತ್ತವರ ಹೆಸರಿನಲ್ಲಿ ರಾಜಕೀಯ ಮಾಡುತ್ತಿದ್ದಾರೆ’ ಎಂದ ಕೆಂಪು ಚಾನೆಲ್ಲಿನ ನಿರೂಪಕ. ನನ್ನ ಬಗ್ಗೆ ಹೇಳಿದ್ದನ್ನು ನಾನೇ ಬರೆದೆ. ವಾರವಿಡೀ ಅದನ್ನೇ ಹೇಳಿದ. ವಾಕ್ಯ ಉದ್ದವಾಯಿತೆಂದು ಅದಕ್ಕೂ ಒಂದು ಒತ್ತು ಮಾಡಿಕೊಂಡೆ.

ಟಾಡ್‌ನ ತಾಯಿ ವರ್ನಾ ಊಟದ ಹೊತ್ತಿನಿಂದ ಕೆಂಪು ಚಾನೆಲ್ ಹಾಕಿಕೊಂಡು ಕೂರುವವರು. ಅವರಿಗೆ ಕಿವಿ ಮಂದ. ಕೆಳಗಿನ ಸಾಲು ಓದುತ್ತಾರೆ. ನಾನು ನೀಲಿಯವರಲ್ಲಿಗೆ ಹೋದದ್ದಕ್ಕೆ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ನಿರೂಪಕ ಹೇಳಿದ್ದನ್ನೆಲ್ಲ ಅವರು ಓದಿದ್ದು ನನ್ನ ಬೆರಳಿನಿಂದಲೇ.

ನವೆಂಬರಿನಲ್ಲಿ ಚುನಾವಣೆಯಾಯಿತು. ನೀಲಿ ಪಕ್ಷದ ಗವರ್ನರ್ ಬಂದರು. ಇನ್ನು ಆಗಿಯೇ ಹೋಯಿತು ಎಂದುಕೊಂಡೆ.

ಜನವರಿಯಲ್ಲಿ ಪ್ರೂಯಿಟ್ ಕಚೇರಿಯಿಂದ ಫೋನ್ ಬಂತು. ಮಸೂದೆ ಅಧ್ಯಯನ ಸಮಿತಿಗೆ ಹೋಗಿದೆ, ಖರ್ಚಿನ ಬಾಬ್ತು ನೋಡಬೇಕು, ತಾಳ್ಮೆ ಇರಲಿ. ಫೆಬ್ರವರಿಯಲ್ಲಿ ಕೆಂಪು ಪಕ್ಷದ ಸೆನೆಟರ್ ರಸೆಲ್ ಹಾಲೆಂಡರ್ ಅದೇ ಮಸೂದೆಯನ್ನು ಅದೇ ಹೆಸರಲ್ಲಿ ಎತ್ತಿಕೊಂಡರು. ಹಿಂದಿನ ವರ್ಷ ಇದು ಗುತ್ತಿಗೆದಾರರ ಕುತ್ತಿಗೆ ಹಿಸುಕುತ್ತದೆ ಎಂದವರು ಅವರೇ.

ಅವತ್ತು ಮಧ್ಯಾಹ್ನ ಕೆಂಪು ಚಾನೆಲ್ಲಿನಲ್ಲಿ ನನ್ನ ಮುಖ ಬಂತು. ನೀಲಿ ಸ್ಟುಡಿಯೋದಲ್ಲಿ ದೀಪಕ್ಕೆ ಕಣ್ಣು ಒದ್ದೆಯಾದ ಅದೇ ತುಣುಕು. ‘ಈ ವಿಧವೆಯ ಕಣ್ಣೀರಿಗೆ ಗವರ್ನರರ ಹತ್ತಿರ ಉತ್ತರ ಇದೆಯೇ?’ ಎಂದ ನಿರೂಪಕ. ಸಂಜೆ ನೀಲಿ ಚಾನೆಲ್ಲಿನ ನಿರೂಪಕಿ ತಲೆ ಅಲ್ಲಾಡಿಸಿ ಹೇಳಿದಳು: ‘ಸತ್ತವರ ಹೆಸರಿನಲ್ಲಿ ರಾಜಕೀಯ ಮಾಡುತ್ತಿದ್ದಾರೆ.’

ಹಳೆಯ ಒತ್ತೇ ಸಾಕಾಯಿತು.

ಕೆಲಸ ಮುಗಿಸಿ ಎದ್ದವಳು ಕೂರಲಾಗದೆ ಅಡುಗೆಮನೆಯ ಮೇಜನ್ನು ಸುತ್ತಿದೆ. ಫ್ರಿಜ್ ತೆಗೆದೆ, ಮುಚ್ಚಿದೆ. ಕಾರಿನ ಕೀ ತೆಗೆದುಕೊಂಡು ಹೊರಟು, ಮೂಲೆಯ ಪೆಟ್ರೋಲ್ ಬಂಕಿನವರೆಗೆ ಹೋಗಿ, ಏನೂ ಕೊಳ್ಳದೆ ವಾಪಸು ಬಂದೆ.

ಶನಿವಾರ ಟಾಡ್‌ನ ತಮ್ಮ ಡ್ವೇನ್ ಬಂದ. ಬಂದವನೇ ಸ್ಟವ್ ಮೇಲಿದ್ದ ಮಾಂಸ-ಕಾಳಿನ ಚಿಲ್ಲಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿದ.

“ಏನ್ ಬೆರಳಮ್ಮ, ಇದಕ್ಕೆ ಕಾಳು ಹಾಕಿದೀಯಾ, ಇಲ್ಲ ಬರೀ ನೀರಾ?”

“ಬೇಕಾದ್ರೆ ತಿನ್ನು, ಬೇಡಾಂದ್ರೆ ಬಿಡು.”

“ತಿಂತೀನಿ ಬಿಡು. ನಿನ್ನ ಸ್ಟಾರ್ ಮುಖ ನೋಡ್ಕೊಂಡು ತಿಂತೀನಿ. ಎರಡೂ ಚಾನೆಲ್ನಲ್ಲಿ ಬರೋರು ಈ ಊರಲ್ಲಿ ನೀನು ಮತ್ತೆ ಹವಾಮಾನದ ಹೆಂಗಸು, ಇಬ್ರೇ.”

ಡ್ವೇನ್ ಕೂಡ ಅದೇ ತಂಡದಲ್ಲಿದ್ದಾನೆ. ಬಟ್ಟಲು ಮುಗಿಸಿ ಬ್ರೆಡ್ಡಿನಿಂದ ಅಂಚು ಒರೆಸುತ್ತ ಅವನು ಹೇಳಿದ:

“ಹಿಮ ಕರಗಿದ ತಕ್ಷಣ ಶುರು. ಅದೇ ರಸ್ತೆ. ಅಣ್ಣ ಇದ್ನಲ್ಲ, ಅದೇ ತಿರುವು.”

“ಲಾರಿ?”

“ಎಲ್ಲಿ ಲಾರಿ? ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನ್ ಇಡ್ತಾರೆ. ಕೋನ್ ಮುರಿದ್ರೆ ಹೊಸಾದು ಕೊಡ್ತಾರಂತೆ, ಉದಾರಿಗಳು.”

“ನೀನು ಹೋಗ್ಬೇಡ.”

“ಹೋಗ್ದೆ? ನಿನ್ ಥರ ಬೆರಳು ಕುಣಿಸಕ್ಕೆ ಬರುತ್ತಾ ನಂಗೆ?” ಎಂದವನು ಬಟ್ಟಲನ್ನು ಪಕ್ಕಕ್ಕೆ ತಳ್ಳಿದ. “ನೋಡು ರೆನೇ, ಕೆಂಪೋ ನೀಲೀನೋ ನಂಗೆ ಬೇಡ. ಹಾಲೆಂಡರ್ ಕರೆದ್ರೆ ಹೋಗು. ಸೈತಾನ ಕರೆದ್ರೂ ಹೋಗು. ನನ್ನ ಬೆನ್ನಿಗೊಂದು ಲಾರಿ ನಿಲ್ಸು, ಅಷ್ಟೆ.”

ಹಾಲೆಂಡರ್ ಕರೆದರು. ಮಾರ್ಚಿನಲ್ಲಿ ಸಮಿತಿಯ ಮುಂದೆ ಅಹವಾಲು ಸಭೆ ಇತ್ತು. ನಾನು ಎರಡು ನಿಮಿಷ ಮಾತಾಡಬೇಕು. ಆ ಸುದ್ದಿ ಕೇಳಿ ವರ್ನಾ ತಾವಾಗಿಯೇ ಫೋನ್ ಮಾಡಿದರು.

“ಈಗ ಸರಿಯಾದ ಕಡೆ ಹೋಗ್ತಿದೀಯ ಮಗಳೇ. ನಾನೂ ಬರ್ತೀನಿ. ಚರ್ಚಿಗೆ ಹಾಕ್ಕೊಳೋ ಕೋಟು ಹಾಕ್ಕೊಳ್ಳಲಾ, ಇಲ್ಲಾ ಅದು ಜಾಸ್ತಿ ಆಯ್ತಾ?”

“ಹಾಕ್ಕೊಳ್ಳಿ ಅಮ್ಮಾ, ಚೆನ್ನಾಗಿರುತ್ತೆ.”

ರಾಜಧಾನಿಯ ಶಾಸನಸಭೆಯ ಮೆಟ್ಟಿಲ ಮೇಲೆ ಕೆಂಪು ಟೋಪಿಯವರು ಟಾಡ್‌ನ ಫೋಟೋ ಇದ್ದ ಫಲಕ ಹಿಡಿದು ನಿಂತಿದ್ದರು. ಹಿಂದಿನ ವರ್ಷ ಪ್ರೂಯಿಟ್ ಮಾಡಿಸಿದ್ದ ಫಲಕಗಳೇ. ಕೆಳಗೆ ನೀಲಿ ಪಕ್ಷದ ಹೆಸರಿದ್ದ ಕಡೆ ಬಿಳಿ ಕಾಗದ ಅಂಟಿಸಿದ್ದರು. ಒಂದರಲ್ಲಿ ಅಂಟು ಬಿಟ್ಟು ಕಾಗದ ಗಾಳಿಗೆ ಮೇಲೇಳುತ್ತಿತ್ತು, ಹಿಡಿದವನು ಹೆಬ್ಬೆರಳಿನಿಂದ ಅದುಮಿಕೊಂಡಿದ್ದ. ವರ್ನಾ ಅದನ್ನು ನೋಡಲಿಲ್ಲ. ಅವರು ಮಗನ ಮುಖವನ್ನು ನೋಡುತ್ತಿದ್ದರು. ಅಷ್ಟೊಂದು ಮುಖಗಳು.

“ಎಲ್ರಿಗೂ ಇವನು ಗೊತ್ತಾದ ನೋಡು,” ಎಂದರು.

ಒಳಗೆ ಕುಡಿಯುವ ನೀರಿನ ನಲ್ಲಿಯ ಹತ್ತಿರ ಪ್ರೂಯಿಟ್ ಸಿಕ್ಕರು. ಈಗ ಸಮಿತಿಯ ಅಧ್ಯಕ್ಷೆ ಅವರೇ. ತಪ್ಪಿಸಿಕೊಂಡು ಹೋಗುತ್ತಾರೆ ಎಂದುಕೊಂಡೆ, ನಿಂತರು.

“ನನ್ ಮೇಲೆ ಕೋಪ ಇರುತ್ತೆ ನಿಮಗೆ.”

“ಕೋಪ ಇಲ್ಲ. ಲಾರಿ ಯಾಕಿಲ್ಲ ಅನ್ನೋದಷ್ಟೇ ಗೊತ್ತಾಗ್ಬೇಕು.”

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. “ಇದು ಪಾಸಾದ್ರೆ ಹಾಲೆಂಡರ್ ಗೆದ್ದ ಹಾಗೆ. ಗವರ್ನರ್ ಬಿಡಲ್ಲ. ಹೋದ ವರ್ಷ ಪಾಸಾಗಿದ್ರೆ ನಾನು ಗೆದ್ದ ಹಾಗಿತ್ತು, ಕೆಂಪಿನವರು ಬಿಡ್ಲಿಲ್ಲ. ಲಾರಿ ಬೇಡ ಅಂತ ಇಲ್ಲಿ ಯಾರಿಗೂ ಇಲ್ಲ ರೆನೇ. ಇದು ಬೇರೇವ್ರದು ಆಗ್ಬಾರ್ದು, ಅಷ್ಟೇ.”

“ಹಾಗಾದ್ರೆ ಯಾರದ್ದೂ ಅಲ್ಲದೆ ಇದ್ರೆ?”

ಪ್ರೂಯಿಟ್ ಇನ್ನಷ್ಟು ಹತ್ತಿರ ಬಂದರು.

“ಮುಂದಿನ ತಿಂಗಳು ರಸ್ತೆಗಳ ದೊಡ್ಡ ಮಸೂದೆ ಇದೆ. ಸಾವಿರ ಪುಟ. ಅದರೊಳಗೆ ಒಂದು ಸಾಲು ಹಾಕ್ಬಹುದು, ಬೆನ್ನಿಗೆ ಲಾರಿ ಕಡ್ಡಾಯ ಅಂತ. ಯಾರೂ ಓದಲ್ಲ. ಆದ್ರೆ ಹೆಸರಿರಬಾರ್ದು. ಹೆಸರಿದ್ರೆ ಟೀವಿ ಬರುತ್ತೆ, ಟೀವಿ ಬಂದ್ರೆ ಸತ್ತುಹೋಗುತ್ತೆ. ಇವತ್ತು ನೀವಾಗೇ ಇದನ್ನ ಬಿಟ್ಬಿಟ್ರೆ ಹಾಲೆಂಡರ್ ಕೈಯಲ್ಲೂ ಏನೂ ಇರಲ್ಲ.” ಮತ್ತೆ ಅಂದರು: “ನಾನು ಇದನ್ನ ಹೇಳ್ಲಿಲ್ಲ.”

“ನೀವು ಹೇಳಿದ್ದನ್ನ ನಾನು ಬರೀತಾ ಇಲ್ಲ,” ಎಂದೆ.

ಒಳಗೆ ಹೋಗಿ ವರ್ನಾ ಪಕ್ಕ ಕೂತೆ. ಅವರು ಕೋಟಿನ ಗುಂಡಿಯನ್ನು ತಿರುಗಿಸುತ್ತಿದ್ದರು. ಗೋಡೆಯ ದೊಡ್ಡ ಪರದೆಯಲ್ಲಿ ಆಡಿದ ಮಾತೆಲ್ಲ ಅಕ್ಷರವಾಗಿ ಓಡುತ್ತಿತ್ತು. ಇಲ್ಲಿ ಬರೆಯುವವರು ಬೇರೆ ಯಾರೋ, ಸ್ವಲ್ಪ ನಿಧಾನ. ನನ್ನ ಬೆರಳು ತೊಡೆಯ ಮೇಲೆ ತಾನಾಗಿ ಒತ್ತುತ್ತಿತ್ತು.

ನನ್ನನ್ನು ಕರೆದರು. ಹಾಲೆಂಡರ್ ನನಗಾಗಿ ಕುರ್ಚಿ ಎಳೆದುಕೊಟ್ಟರು. ಕ್ಯಾಮೆರಾಗಳು ತಿರುಗಿದವು. ಬರೆದು ತಂದಿದ್ದನ್ನು ಮಡಿಸಿ ಪಕ್ಕಕ್ಕಿಟ್ಟೆ.

“ಈ ಮಸೂದೆಯಿಂದ ನನ್ನ ಗಂಡನ ಹೆಸರು ತೆಗೀರಿ,” ಎಂದೆ. “ಅವನ ಫೋಟೋ ಕೂಡ. ನೀವೂ ಬಳಸ್ಬಾರ್ದು, ಅವರೂ ಬಳಸ್ಬಾರ್ದು. ಅವನ ಹೆಸರಿನ ಯಾವ ಕಾನೂನಿಗೂ ನನ್ನ ಒಪ್ಪಿಗೆ ಇಲ್ಲ. ಇಷ್ಟೇ.”

ಹಾಲೆಂಡರ್ ನಗು ಹಾಗೆಯೇ ಉಳಿಯಿತು, ತೆಗೆಯಲು ಮರೆತವರ ಹಾಗೆ. ನಾನು ತಿರುಗಿ ವರ್ನಾರನ್ನು ನೋಡಿದೆ. ಅವರ ಕಣ್ಣು ಪರದೆಯ ಮೇಲಿತ್ತು. ಸಾಲು ನಿಧಾನವಾಗಿ ಬಂತು. ಕೊನೆಯವರೆಗೂ ಓದಿದರು.

ವಾಪಸು ಬರುವಾಗ ದಾರಿಯಲ್ಲಿ ಡೈನರ್ ಹೋಟೆಲೊಂದರಲ್ಲಿ ನಿಲ್ಲಿಸಿದೆ. ಅವರು ತಟ್ಟೆಯಲ್ಲಿದ್ದ ಸಿಹಿ ಪೈ ಮುಟ್ಟಲಿಲ್ಲ. ಪ್ರೂಯಿಟ್ ಹೇಳಿದ್ದನ್ನೆಲ್ಲ ನಾನು ವಿವರಿಸಿದೆ. ಡ್ವೇನ್, ತಿರುವು, ಲಾರಿ. ಅವರು ಕಿವಿಯ ಮಿಶಿನ್ನನ್ನು ತೆಗೆದು ಮೇಜಿನ ಮೇಲಿಟ್ಟರು.

“ಒಂದು ಸಲ ಕಾರು ಕೊಂದಿತು,” ಎಂದರು. “ಇನ್ನೊಂದು ಸಲ ನೀನು.”

ಬಿಲ್ ಕೊಟ್ಟು ಎದ್ದೆ. ಮನೆಯವರೆಗೂ ಅವರು ಕಿಟಕಿಯ ಕಡೆ ಮುಖ ಮಾಡಿದ್ದರು.

ಕೆಂಪು ಚಾನೆಲ್ಲಿನಲ್ಲಿ ಮರುದಿನ, ನೀಲಿಯವರು ನನ್ನನ್ನು ಹೆದರಿಸಿದ್ದಾರೆ ಎಂದರು. ನೀಲಿ ಚಾನೆಲ್ಲಿನಲ್ಲಿ, ಕೊನೆಗೂ ಒಬ್ಬ ವಿಧವೆಯ ಮುಂದೆ ಕೆಂಪಿನವರು ತಲೆ ತಗ್ಗಿಸಿದರು ಎಂದರು. ಎರಡನ್ನೂ ಬರೆದೆ. ಆಮೇಲೆ ಅವರಿಗೆ ಬೇರೇನೋ ಸಿಕ್ಕಿತು. ಟಾಡ್ ಹೆಸರು ಬರುವುದು ನಿಂತಿತು. ನಿಂತ ಮೇಲಂತೂ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಈಸ್ಟರ್ ಹಬ್ಬದ ಊಟಕ್ಕೆ ವರ್ನಾ ಕರೆಯಲಿಲ್ಲ. ಡ್ವೇನ್ ಹ್ಯಾಮ್ ತುಂಡುಗಳನ್ನು ಹಾಳೆಯಲ್ಲಿ ಸುತ್ತಿ ತಂದುಕೊಟ್ಟ. “ಕದ್ದು ತಂದೆ,” ಎಂದ. ಬಹುಶಃ ಅದು ಸುಳ್ಳು. ಹಾಳೆಯ ಮೂಲೆಗಳನ್ನು ವರ್ನಾ ಮಡಿಸುವ ಹಾಗೆಯೇ ಮಡಿಸಿತ್ತು.

ಲಾರಿಯ ಆ ಒಂದು ಸಾಲು ಸೇರಿದ್ದ ರಸ್ತೆ ಮಸೂದೆಗೆ ಗವರ್ನರ್ ಸಹಿ ಹಾಕಿದ ದಿನ ಎರಡೂ ಚಾನೆಲ್ಲಿನಲ್ಲಿ ಒಂದೇ ವಿಷಯ. ಬೇಸ್‌ಬಾಲ್ ಪಂದ್ಯದಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ತೆಗೆದ ಟೋಪಿಯನ್ನು ಗವರ್ನರ್ ಅದು ಮುಗಿಯುವ ಮೊದಲೇ ಹಾಕಿಕೊಂಡರೇ ಇಲ್ಲವೇ. ಹಿಂದಿನ ಗವರ್ನರ್ ಮೇಲೂ ಇದೇ ಮಾತು ಬಂದಿತ್ತು. ಆಗ ದೇಶದ್ರೋಹ ಎಂದವರು ಈಗ ಗಾಳಿ ಜೋರಾಗಿತ್ತು ಎನ್ನುತ್ತಿದ್ದರು, ಗಾಳಿ ಜೋರಾಗಿತ್ತು ಎಂದವರು ಈಗ ದೇಶದ್ರೋಹ ಎನ್ನುತ್ತಿದ್ದರು. ಮಧ್ಯಾಹ್ನ ಕೂತು ಬರೆಯುತ್ತಿದ್ದೆ. ಪಕ್ಕದಲ್ಲಿದ್ದ ಫೋನಿನ ಮೇಲೆ ಡ್ವೇನ್ ಕಳಿಸಿದ ಫೋಟೋ ಬಂತು. ಹಳದಿ ಲಾರಿ, ಹಿಂದೆ ಪಟ್ಟೆಪಟ್ಟೆಯ ದಪ್ಪ ಮೆತ್ತೆ, ಅದಕ್ಕೆ ಒರಗಿ ನಿಂತ ಅವನು. ಗುತ್ತಿಗೆದಾರ ಕಾನೂನು ಜಾರಿಗೆ ಬರುವ ಮೊದಲೇ ತರಿಸಿದ್ದ. ಕೆಳಗೆ ಬರೆದಿದ್ದ: ‘ಅಣ್ಣನಿಗಿಂತ ದಪ್ಪ.’

ನಿರೂಪಕ ಟೋಪಿಯ ತುಣುಕನ್ನು ಇನ್ನೊಮ್ಮೆ ತೋರಿಸಿದ. ನಿಧಾನಗತಿಯಲ್ಲಿ, ಮಾತಿಲ್ಲದೆ. ಬರೆಯಲು ಏನೂ ಇರಲಿಲ್ಲ. ನನ್ನ ಬೆರಳುಗಳು ಕೀಲಿಗಳ ಮೇಲೆ ಸುಮ್ಮನಿದ್ದವು.

ಒತ್ತಿದೆ. ಒಂದೇ ಒತ್ತು.

ಟಾಡ್ ಕುಬಿಯಾಕ್, ಎಂದು ಪರದೆಯ ಕೆಳಗೆ ಬಂತು. ಗವರ್ನರರ ಟೋಪಿಯ ಕೆಳಗೆ, ಬಾರುಗಳಲ್ಲಿ, ಆಸ್ಪತ್ರೆಗಳಲ್ಲಿ, ಮುಂದಿನ ಮಾತು ಬಂದು ಮೇಲೆ ತಳ್ಳುವವರೆಗೆ ಇತ್ತು. ಆಮೇಲೆ ಹೋಯಿತು.

ಕೆಲಸ ಮುಗಿಯುವ ಮೊದಲೇ ಕಂಪನಿಯಿಂದ ಸಂದೇಶ ಬಂತು: ಒಂದು ಕಡೆ ತಪ್ಪು ಒತ್ತು ಕಾಣಿಸಿದೆ, ಸರಿಪಡಿಸಿಕೊಳ್ಳಿ. ಸರಿ ಎಂದು ಉತ್ತರಿಸಿದೆ. ಆ ಒತ್ತನ್ನು ತೆಗೆಯಲಿಲ್ಲ.

ಹೆಡ್‌ಫೋನ್ ತೆಗೆದಾಗ ಫೋನ್ ಬಡಿದುಕೊಳ್ಳುತ್ತಿತ್ತು. ವರ್ನಾ.

“ರೆನೇ, ಆ ಮನುಷ್ಯನ ಬಾಯಿ ಮುಚ್ಚಿತ್ತು.”

“ಯಾರದ್ದಮ್ಮಾ?”

“ಟೀವೀಲಿರೋನು. ಬಾಯಿ ಮುಚ್ಚಿತ್ತು ಕಣೇ, ನಾನು ನೋಡ್ತಾನೇ ಇದ್ದೆ. ಆದ್ರೂ ಬಂತು.”

ಆ ಕಡೆ ಟೀವಿ ಇನ್ನೂ ಕೂಗುತ್ತಿತ್ತು. ಅದನ್ನು ಆರಿಸಿದ ಸದ್ದು ಕೇಳಿಸಿತು.

“ನಾಳೆ ಬೆಳಿಗ್ಗೆ ಕಾರು ತಗೊಂಡು ಬಾ,” ಎಂದರು. “ಆ ಲಾರಿ ನೋಡ್ಬೇಕು ನಾನು.”

ಮರುದಿನ ಹೆದ್ದಾರಿಯ ತಿರುವಿನಲ್ಲಿ ಎಲ್ಲರೂ ನಿಧಾನ ಮಾಡುವ ಕಡೆ ನಾವೂ ನಿಧಾನ ಮಾಡಿದೆವು. ನಿಲ್ಲಿಸುವ ಹಾಗಿರಲಿಲ್ಲ. ಲಾರಿ ಬಂತು, ಪಕ್ಕಕ್ಕೆ ಸರಿಯಿತು, ಹಿಂದಾಯಿತು. ಅದರಾಚೆ ಡ್ವೇನ್ ಕೈ ಎತ್ತಿದ. ವರ್ನಾ ಚರ್ಚಿನ ಕೋಟು ಹಾಕಿಕೊಂಡು ಬಂದಿದ್ದರು.

“ಇನ್ನೊಂದು ಸಲ ಹೋಗೋಣ,” ಎಂದರು.

ಮುಂದಿನ ಹೊರದಾರಿಯಲ್ಲಿ ಹೆದ್ದಾರಿ ಬಿಟ್ಟು, ಸುತ್ತಿ, ಮತ್ತೆ ಹೆದ್ದಾರಿಗೆ ಬಂದೆ. ಸ್ಟೀರಿಂಗ್ ಮೇಲೆ ನನ್ನ ಬೆರಳು ಏನನ್ನೋ ಒತ್ತುತ್ತಲೇ ಇತ್ತು.