ಎರಡು ದಿನದ ಗಡ್ಡ

ಬ್ಯಾನರಿನ ಒಂದು ಮೂಲೆಯ ಹಗ್ಗವನ್ನು ಅವಳೇ ಹಿಡಿದುಕೊಂಡಿದ್ದಳು. ಇನ್ನೊಂದು ಮೂಲೆಯನ್ನು ಮೈದುನ ಏಣಿಯ ಮೇಲೆ ನಿಂತು ಕಟ್ಟುತ್ತಿದ್ದ. ಅವನು ಗಂಟು ಬಿಗಿದು ಕೈಬಿಟ್ಟದ್ದೇ ತಡ, ಸುರುಳಿ ಸರ್ರನೆ ಬಿಚ್ಚಿಕೊಂಡು ಕ್ಷೌರದಂಗಡಿಯ ಗಾಜನ್ನು ಅರ್ಧ ಮುಚ್ಚಿತು. ತೀರಿಹೋಗಿ ವರ್ಷವಾದ ಗಂಡನ ಮುಖ ಅವಳ ಮುಖಕ್ಕೆ ಸರಿಯಾಗಿ ಬಂದು ನಿಂತಿತು.

ಆ ಮುಖದ ಮೇಲೆ ಗಡ್ಡವಿತ್ತು.

ಬದುಕಿದ್ದಾಗ ಕ್ಷೌರಿಕನಾದ ಅವನು ಗಡ್ಡ ಬಿಟ್ಟುಕೊಂಡು ಹಾಲಿನವನ ಎದುರಿಗೂ ಬಂದವನಲ್ಲ. ಮನೆಗೆ ಬೆಂಕಿ ಬಿದ್ದರೂ ಈತ ಮುಖ ಕೆರೆದುಕೊಂಡೇ ಹೊರಗೆ ಓಡುವುದು ಎಂದು ಅವಳು ರೇಗಿಸುತ್ತಿದ್ದಳು. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಆರೈಕೆ ಮನೆಗೆ ಸೇರಿದ ಮೇಲೆ ಅವನ ಕೈ ನಡುಗತೊಡಗಿತು. ಆಗ ಹಾಸಿಗೆಯಲ್ಲೇ ಅವಳಿಗೆ ಕೆಲಸ ಕಲಿಸಿದ. ಎಡಗೈ ಹೆಬ್ಬೆರಳಿನಿಂದ ಕಿವಿಯ ಕೆಳಗೆ ಚರ್ಮ ಒತ್ತಿ ಹಿಡಿಯಬೇಕು, ಕತ್ತಿಯನ್ನು ಮಲಗಿಸಬೇಕು. "ನಿನ್ನದು ಕೆಟ್ಟ ಕೈ. ಪರವಾಗಿಲ್ಲ, ಗಿರಾಕಿ ಎದ್ದು ಓಡೋ ಸ್ಥಿತೀಲಿಲ್ಲ" ಎಂದಿದ್ದ. ನಗು ನಿಂತ ಮೇಲೆ, "ಗಡ್ಡದಲ್ಲಿ ನನ್ನ ಯಾರಿಗೂ ತೋರಿಸ್ಬೇಡ" ಎಂದ. ಅವಳು ಮಾತು ಕೊಟ್ಟಿದ್ದಳು.

ನಡುವೆ ಒಮ್ಮೆ ಅವಳಿಗೇ ಜ್ವರ ಬಂತು. ಜ್ವರದವರನ್ನು ಅಲ್ಲಿ ಒಳಗೆ ಬಿಡುತ್ತಿರಲಿಲ್ಲ. "ಅಣ್ಣನ ಮುಖ ನಂಗೆ ಬಿಡಿ ಅತ್ತಿಗೆ" ಎಂದು ಮೈದುನ ಹೋದ. ಅವನೂ ಅದೇ ಅಂಗಡಿಯಲ್ಲಿ, ಅಣ್ಣನ ಕೈಕೆಳಗೇ ಕೆಲಸ ಕಲಿತವನು. ಮೂರನೆಯ ದಿನ ಅವಳು ಹೋದಾಗ ಗಂಡನ ಕೆನ್ನೆ ನುಣ್ಣಗಿತ್ತು. ಮೈದುನನ ಕೈಗೆ ಚಿನ್ನದ ಕಡಗ ತೊಡಿಸಬೇಕು ಎಂದು ವರ್ಷವಿಡೀ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅಂಗಡಿಯ ಈ ದಿನದ ದುಡಿಮೆಯನ್ನೆಲ್ಲ ಗಂಡನ ನೆನಪಿಗೆ ಆರೈಕೆ ಮನೆಗೆ ಕೊಡೋಣ ಎಂದವಳೂ ಅವಳೇ. ಬ್ಯಾನರಿಗೆಂದು ಅವನು ಜೇಬಿನಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡು ನಗುತ್ತಿದ್ದ ಫೋಟೋ ಹುಡುಕಿ ಕೊಟ್ಟಿದ್ದಳು.

"ನಾನು ಕೊಟ್ಟಿದ್ದು ಎಲ್ಲಿ?"

"ಅದ್ರಲ್ಲಿ ಅಣ್ಣ ಮದುವೆ ಗಂಡಿನ ಥರ ಇದ್ದಾನೆ. ಅದನ್ನ ನೋಡಿ ಯಾರು ಜೇಬಿಗೆ ಕೈ ಹಾಕ್ತಾರೆ ಅತ್ತಿಗೆ?" ಮೈದುನ ಏಣಿ ಇಳಿದು ಮಡಚತೊಡಗಿದ.

"ಇದು ಎರಡು ದಿನದ ಗಡ್ಡ."

ಅವನು ಏಣಿಯನ್ನು ಗೋಡೆಗೆ ಒರಗಿಸಿದ. "ಫೋಟೋ ತೆಗೆದ ತಕ್ಷಣ ಕ್ಷೌರ ಮಾಡಿದ್ನಲ್ಲ."

"ಮೊದಲ್ನೇ ದಿನ ಯಾಕೆ ಮಾಡ್ಲಿಲ್ಲ?"

"ಆರೈಕೆ ಮನೆಯವರು ಆಗ್ಲೇ ದುಡ್ಡಿನ ಕಷ್ಟ ಹೇಳ್ಕೋತಿದ್ರು. ಮುಂದೆ ಹೀಗೇನಾದ್ರೂ ಮಾಡಿದ್ರೆ ಇಂಥ ಫೋಟೋ ಬೇಕಾಗುತ್ತೆ ಅಂತ... ಒಳ್ಳೇದಕ್ಕೇ ಅಲ್ವಾ?"

ಅಣ್ಣ ಉಸಿರಾಡುತ್ತಿದ್ದಾಗಲೇ ಇವನು ಬ್ಯಾನರಿನ ಲೆಕ್ಕ ಹಾಕಿದ್ದ. ಅದಕ್ಕಿಂತ ಹೆಚ್ಚಾಗಿ, ಇಂಥವನಿಗೆ ತಾನು ವರ್ಷವಿಡೀ ಋಣಿಯಾಗಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಗಿರಾಕಿಗಳು ಬರತೊಡಗಿದ್ದರು. ಎಲ್ಲರಿಗಿಂತ ಮುಂದೆ ಪಕ್ಕದ ಬೀಗದಂಗಡಿಯವನು. ಗಂಡ ಇದ್ದಾಗ ಸಾಲ ಹೇಳಿಯೇ ಗಡ್ಡ ತೆಗೆಸಿಕೊಂಡ ಆಸಾಮಿ. ಬ್ಯಾನರಿನ ಮುಂದೆ ನಿಂತು ಕಣ್ಣೊರೆಸಿಕೊಂಡು, ಬಾಗಿಲಲ್ಲಿಟ್ಟ ದೇಣಿಗೆ ಡಬ್ಬಿಗೆ ಧಾರಾಳವಾಗಿ ನೋಟು ತುರುಕಿದ.

"ನೋಡಮ್ಮ, ಹೋಗೋವಾಗ್ಲೂ ಕೈ ಎತ್ತಿ ಹೋಗಿಬರ್ತೀನಿ ಅಂತಿದ್ದಾನೆ. ದೊಡ್ಡ ಮನುಷ್ಯ."

ಆಗ ಅವಳು ಬ್ಯಾನರಿನಲ್ಲಿದ್ದ ಗಂಡನ ಕೈಯನ್ನು ನೋಡಿದಳು. ಅಂಗೈ ಹೊರಗೆ ತಿರುಗಿರಲಿಲ್ಲ, ಮುಖದ ಕಡೆಗಿತ್ತು. ಬೆರಳುಗಳು ಮಡಚಿಕೊಂಡು, ಗಲ್ಲದವರೆಗೆ ಏರಲಾರದೆ ನಡುವೆಯೇ ನಿಂತಿದ್ದವು. ಅವನು ಯಾರಿಂದಲೂ ಬೀಳ್ಕೊಳ್ಳುತ್ತಿರಲಿಲ್ಲ, ಗಡ್ಡ ಮುಚ್ಚಿಕೊಳ್ಳಲು ನೋಡುತ್ತಿದ್ದ.

ಅವಳು ಒಳಗೆ ಹೋದಳು. ಮೈದುನ ಕುರ್ಚಿಯ ಮೇಲಿನ ಬಟ್ಟೆ ಒದರುತ್ತಿದ್ದ.

"ನಿಮ್ಮಣ್ಣ ಫೋಟೋ ಬೇಡ ಅಂದ್ರಾ?"

ಅವನು ಒದರಿದ ಬಟ್ಟೆಯನ್ನೇ ಮತ್ತೊಮ್ಮೆ ಒದರಿದ. "ಆಗ ಅಣ್ಣನ ಮಾತು ನಿಂತಿತ್ತಲ್ಲ ಅತ್ತಿಗೆ" ಎಂದ.

ಬ್ಯಾನರು ಕಿತ್ತೆಸೆಯಲು ಕ್ಷಣ ಸಾಕಿತ್ತು. ಆದರೆ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಹೊಸಬರು ಬ್ಯಾನರು ನೋಡುತ್ತಿದ್ದರು, ನೋಡಿ ಸಾಲಿಗೆ ಸೇರುತ್ತಿದ್ದರು. ಆರೈಕೆ ಮನೆಯಲ್ಲಿ ಹಾಸಿಗೆ ಖಾಲಿಯಾಗಲೆಂದು ಹೊರಗಿನ ಬೆಂಚಿನಲ್ಲಿ ಕಾಯುವವರ ಮುಖ ಅವಳಿಗೆ ಗೊತ್ತಿತ್ತು. ಅವಳೂ ಅಲ್ಲಿ ಕಾದವಳೇ. ಇದನ್ನೆಲ್ಲ ಮೈದುನ ಬಲ್ಲವನಾಗಿದ್ದ. ಅದಕ್ಕೇ ಅವನಿಗೆ ಅಷ್ಟು ಧೈರ್ಯ.

ಕನ್ನಡಿಯ ಕೆಳಗೆ ಗಂಡನ ಬ್ರಷ್ಷು, ಬಟ್ಟಲು ಇದ್ದವು. ಅವಳು ಬಿಸಿನೀರು ಹಾಕಿ, ಸೋಪು ಗಟ್ಟಿ ನೊರೆ ಬರುವ ತನಕ ತಿರುವಿದಳು. ಬಟ್ಟಲು ಹಿಡಿದು ಹೊರಗೆ ಬಂದು ಬ್ಯಾನರಿನ ಎದುರು ನಿಂತು, ಒಂದು ಕೆನ್ನೆಗೆ ಹಚ್ಚಿದಳು. ಆಮೇಲೆ ಇನ್ನೊಂದಕ್ಕೆ. ಗಲ್ಲಕ್ಕೆ, ಮೂಗಿನ ಕೆಳಗೆ, ತುಟಿಗೆ ತಗುಲದಂತೆ.

"ಏನಮ್ಮ ಇದು?" ಎಂದು ಬೀಗದಂಗಡಿಯವನು ಕೇಳಿದ. ಒಳಗೆ ಮೈದುನನ ಕತ್ತರಿಯ ಸದ್ದು ನಿಂತಿತು.

ನುಣುಪಾದ ಬ್ಯಾನರಿನ ಮೇಲೆ ನೊರೆ ನಿಲ್ಲುತ್ತಿರಲಿಲ್ಲ. ನಿಧಾನವಾಗಿ ಕೆಳಗೆ ಜಾರಿ, ಕೆನ್ನೆಯ ಮೇಲ್ಭಾಗದಲ್ಲಿ ಗಡ್ಡ ಮತ್ತೆ ಕಾಣಿಸತೊಡಗಿತು. ಅವಳು ಎಡಗೈ ಹೆಬ್ಬೆರಳನ್ನು ಅವನ ಕಿವಿಯ ಕೆಳಗೆ ಒತ್ತಿ ಹಿಡಿದು, ಬ್ರಷ್ಷನ್ನು ಬಟ್ಟಲಿಗೆ ಅದ್ದಿದಳು.