ಕಿವಿ ಮೇಸ್ತ್ರಿಯ ಕಿವಿ

"ಇದರ ಉಸಿರು ಎಲ್ಲಿ ಸಿಕ್ಕಿಕೊಂಡಿದೆಯೋ?"

ಅತ್ತೆ ಕೇಳಿದ್ದು ಯಾರನ್ನೂ ಅಲ್ಲ. ಶೆಡ್ಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಕಣ್ಣು ಅರೆಮುಚ್ಚಿ, ಜಪಮಾಲೆಯ ಮಣಿಯೊಂದನ್ನು ಹೆಬ್ಬೆರಳಿನಿಂದ ಮುಂದಕ್ಕೆ ಸರಿಸುತ್ತ, ಗಾಳಿಗೆ ಕೇಳಿದ ಹಾಗೆ ಕೇಳಿದರು.

ಶೆಡ್ಡಿನ ನಡುವೆ ಷಡ್ಡಕನ ಡೀಸೆಲ್ ಪಿಕಪ್ಪು ಗುರುಗುಟ್ಟುತ್ತ ನಿಂತಿತ್ತು. ಬಾನೆಟ್ಟಿನ ಅಂಚಿಗೆ ಅಂಗೈ ಊರಿ, ಧ್ಯಾನಕ್ಕೆ ಕೂತವನ ಮುಖ ಮಾಡಿಕೊಂಡಿದ್ದ ಮೇಸ್ತ್ರಿ ಆ ಮಾತು ಬಿದ್ದದ್ದೇ ತಡ ಕಣ್ಣು ತೆರೆದ.

"ಗಾಳಿ ಸಾಲ್ತಿಲ್ಲ. ಟರ್ಬೊ ಕಡೆ ತೊಂದರೆ. ಆಫ್ ಮಾಡಪ್ಪ," ಎಂದ.

ಷಡ್ಡಕ ಕೀಲಿ ತಿರುಗಿಸಿ, ಕಿಟಕಿಯಿಂದ ತಲೆ ಹೊರಹಾಕಿದ. "ಏನು ಕಿವಿ ಭಾವ ನಿಮ್ದು. ಆ ದೊಡ್ಡ ಗ್ಯಾರೇಜಲ್ಲಿ ಕಂಪ್ಯೂಟರ್ ಚುಚ್ಚಿ ಅರ್ಧ ದಿನ ಹಿಡಿದ್ರು. ನೀವು ಕೈ ಇಟ್ಟು ಕಣ್ಣು ಮುಚ್ಚಿದ್ರೆ ಮುಗೀತು."

ಮೇಸ್ತ್ರಿ ವಿನಯದಿಂದ ನೆಲ ನೋಡಿದ. ಅತ್ತೆ ಇನ್ನೊಂದು ಮಣಿ ಸರಿಸಿದರು.

ಬೀದಿಗೆಲ್ಲ ಅವನು ಕಿವಿ ಮೇಸ್ತ್ರಿ. ಇಪ್ಪತ್ತೆಂಟು ವರ್ಷದಿಂದ ಗಾಡಿಯ ಕಾಯಿಲೆಯನ್ನು ಕೇಳಿಯೇ ಹೇಳುವವನೆಂದು ಹೆಸರು. ಆ ಹೆಸರಿನ ಒಳಗೆ ಏನೂ ಉಳಿಯದೆ ವರ್ಷವಾಗಿತ್ತು. ಗ್ರೈಂಡರು, ಕಂಪ್ರೆಸರು, ತಗಡು ಬಡಿಯುವ ಸುತ್ತಿಗೆ, ಇವೆಲ್ಲ ಸೇರಿ ಅವನ ಕಿವಿಯಿಂದ ಸಣ್ಣ ದನಿಗಳನ್ನು ಒಂದೊಂದಾಗಿ ಕದ್ದುಬಿಟ್ಟಿದ್ದವು. ಮೊದಲು ಗಡಿಯಾರದ ಟಿಕ್‌ಟಿಕ್ ಹೋಯಿತು. ಹೋದರೆ ಹೋಗಲಿ ಅಂದುಕೊಂಡ. ಆಮೇಲೆ ಗುಬ್ಬಚ್ಚಿಗಳು ಹೋದವು. ಕೊನೆಗೆ ಟರ್ಬೊದ ಸಿಳ್ಳು ಹೋಯಿತು, ಆಗ ಹೋಗಲಿ ಅನ್ನಲಾಗಲಿಲ್ಲ. ಮಾತು ಮಾತ್ರ ಚೆನ್ನಾಗಿ ಕೇಳುತ್ತಿತ್ತು, ಬೈಗುಳ ಇನ್ನೂ ಚೆನ್ನಾಗಿ.

ಅಂಥ ಹೊತ್ತಿಗೆ ಅತ್ತೆ ಬಂದಿದ್ದರು. ಇಬ್ಬರು ಹೆಣ್ಣುಮಕ್ಕಳ ಮನೆಯಲ್ಲಿ ಆರಾರು ತಿಂಗಳು ಎಂಬುದು ಅವರೇ ಮಾಡಿಕೊಂಡ ಕಟ್ಟಳೆ. ಹಿರಿಮಗಳು ಮೇಸ್ತ್ರಿಯ ಹೆಂಡತಿ. ಕಿರಿಮಗಳ ಗಂಡನೇ ಈ ಷಡ್ಡಕ, ದಿಬ್ಬದ ಮೇಲಿನ ಮನೆಗಳಿಗೆ ನೀರಿನ ಕ್ಯಾನು ಹಾಕುವವನು. ಅತ್ತೆಯ ಅಪ್ಪ ದಿನಾ ಸಂಜೆ ಮನೆಯಲ್ಲಿ ಪದ್ಯ ಓದಿಸುತ್ತಿದ್ದರಂತೆ. ಬಾಗಿಲ ಹಿಂದೆ ಕೂತು ಕೇಳುತ್ತ ಬೆಳೆದ ಮಗಳಿಗೆ, ಓದುವವನಿಗೆ ನೆಗಡಿಯೋ ಹಸಿವೋ, ಮುಂದಿನ ಸಾಲು ಮರೆತಿದೆಯೋ ಎಂಬುದು ಅವನ ಉಸಿರಿನಲ್ಲೇ ತಿಳಿಯುತ್ತಿತ್ತಂತೆ. ಬಂದ ಮೂರನೆಯ ದಿನ, ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದ ಒಂದು ಗಾಡಿಯ ಸದ್ದಿಗೆ, "ನಾಲ್ಕು ಹೆಜ್ಜೇಲಿ ಒಂದು ಯಾಕೆ ಕುಂಟುತ್ತೋ?" ಎಂದು ಗಾಳಿಗೆ ಕೇಳಿದ್ದರು. ಇಂಜೆಕ್ಟರುಗಳನ್ನು ಬಿಚ್ಚಿ ನೋಡಿದರೆ ನಾಲ್ಕರಲ್ಲಿ ಒಂದು ಕಟ್ಟಿಕೊಂಡಿತ್ತು.

ಅಂದಿನಿಂದ ಕೇಳುವುದು ಅವರು, ಹೇಳುವುದು ಇವನು. ಈ ಏರ್ಪಾಡಿನ ಬಗ್ಗೆ ಇಬ್ಬರೂ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ಗಿರಾಕಿಗಳಿಗೆ ಅತ್ತೆ ಏನೋ ಗೊಣಗುವ ಮುದುಕಿ. ಹೆಂಡತಿಗೂ ತಿಳಿದಿಲ್ಲವೆಂದೇ ಮೇಸ್ತ್ರಿ ನಂಬಿದ್ದ.

ಈಗ ಆರು ತಿಂಗಳು ಮುಗಿದು ಇಪ್ಪತ್ತು ದಿನ ಮೇಲಾಗಿತ್ತು. "ಕರ್ಕೊಂಡು ಹೋಗೋಕೆ ನಾನು ತಯಾರು, ಗಾಡಿ ತಯಾರಿಲ್ಲ, ದಿಬ್ಬ ಹತ್ತಲ್ಲ ಅನ್ನುತ್ತೆ" ಎಂದು ಷಡ್ಡಕ ದಿನ ದೂಡುತ್ತಿದ್ದ. ಅವನ ಕಷ್ಟ ಬೇರೆ. ಅತ್ತೆ ಮನೆಯಲ್ಲಿದ್ದರೆ ಮೂರನೇ ಕೋಣೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದರೂ ಕೇಳಿಸಿಕೊಳ್ಳುತ್ತಾರೆ, ಮನಸ್ಸಿನಲ್ಲಿ ಗೊಣಗುವುದಕ್ಕೂ ಭಯ. ಆದರೆ ಇವತ್ತು ಅವನ ಹೆಂಡತಿ, ಬಂದರೆ ಅಮ್ಮನ ಜೊತೆ ಬಾ, ಇಲ್ಲವಾದರೆ ಅಲ್ಲೇ ಇರು ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದಳು.

ಮೇಸ್ತ್ರಿಗೆ ಅತ್ತ ದರಿ ಇತ್ತ ಪುಲಿ. ಗಾಡಿ ಸರಿ ಮಾಡಿದರೆ ಸಂಜೆಯೊಳಗೆ ಅತ್ತೆ ದಿಬ್ಬದ ಮೇಲೆ. ನಾಳೆ ಬೆಳಿಗ್ಗೆ ಬರುವ ಮೊದಲ ಗಿರಾಕಿಯ ಮುಂದೆ ಕಣ್ಣು ಮುಚ್ಚಿ ನಿಂತರೆ ಕಣ್ಣು ಮುಚ್ಚಿದ್ದೇ ಲಾಭ. ಸರಿ ಮಾಡದಿದ್ದರೆ ಹೆಸರು ಇವತ್ತೇ ಹೋಗುತ್ತದೆ.

ಬಾನೆಟ್ಟಿನೊಳಗೆ ಬಗ್ಗಿದ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಪಕ್ಕದಲ್ಲಿ ಅಂಗೈಯಗಲದ ಒಂದು ಡಬ್ಬಿ, ಅದೇ ಆಕ್ಚುಯೇಟರು. ಒಳಗೊಂದು ರಬ್ಬರಿನ ಪೊರೆ, ಹೊರಗೊಂದು ಕಡ್ಡಿ. ಪೈಪಿನಿಂದ ಗಾಳಿ ಹೀರಿಕೊಂಡಾಗ ಪೊರೆ ಸರಿದು ಕಡ್ಡಿಯನ್ನು ಎಳೆಯಬೇಕು, ಕಡ್ಡಿ ಟರ್ಬೊವನ್ನು ಎಚ್ಚರಿಸಬೇಕು. ಮೇಸ್ತ್ರಿ ಅದರ ಮೂತಿಗೆ ಒಂದು ತುಂಡು ಪೈಪು ಸಿಕ್ಕಿಸಿ, ಬಾಯಿಂದ ಹೀರಿ, ತುದಿಗೆ ನಾಲಿಗೆ ಒತ್ತಿದ. ಪೊರೆ ಗಟ್ಟಿಯಿದ್ದರೆ ನಾಲಿಗೆ ಅಂಟಿಕೊಂಡು ನಿಲ್ಲಬೇಕು. ನಿಲ್ಲಲಿಲ್ಲ. ಕಡ್ಡಿ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಪೊರೆ ಹರಿದಿದೆ. ಡಬ್ಬಿ ಬದಲಾಯಿಸಬೇಕು."

"ಹೊಸದು ತಂದೇ ಇದೀನಿ," ಎಂದು ಷಡ್ಡಕ ಸೀಟಿನ ಕೆಳಗಿನಿಂದ ಪೆಟ್ಟಿಗೆ ತೆಗೆದ. "ಕಂಪ್ಯೂಟರೂ ಇದನ್ನೇ ಹೇಳಿತ್ತು. ಕಂಪ್ಯೂಟರ್ ಮೇಲೆ ನಂಬಿಕೆ ಇಲ್ಲ ನೋಡಿ, ನಿಮ್ಮ ಬಾಯಿಂದ ಬರ್ಲಿ ಅಂತ ಬಂದೆ."

ಮೇಸ್ತ್ರಿ ಕೆಲಸಕ್ಕೆ ಕೂತ. ಶಾಖ ತಡೆಯುವ ತಗಡು ಬಿಚ್ಚಿದ. ಕಡ್ಡಿಯ ತುದಿಯ ಲಾಕು ಹಾರಿ ಎಲ್ಲೋ ಬಿತ್ತು, ಷಡ್ಡಕ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದ. ಡಬ್ಬಿಯನ್ನು ಹಿಡಿದಿದ್ದ ಮೂರು ಬೋಲ್ಟುಗಳಲ್ಲಿ ಎರಡು ಮರ್ಯಾದೆಯಿಂದ ಬಂದವು. ಮೂರನೆಯದು ತುಕ್ಕು ಹಿಡಿದು, ಹುಟ್ಟಿದ್ದೇ ಅಲ್ಲಿ ಎಂಬಂತೆ ಕೂತಿತ್ತು. ತುಕ್ಕಿನ ಎಣ್ಣೆ ಹೊಡೆದು, ಬೈದು, ಮತ್ತೆ ಎಣ್ಣೆ ಹೊಡೆದು ಅದನ್ನೂ ಎಬ್ಬಿಸಿದ. ಹೊಸ ಡಬ್ಬಿಯನ್ನು ಹೀರಿ ನೋಡಿದ. ನಾಲಿಗೆ ಪಚಕ್ಕನೆ ಅಂಟಿಕೊಂಡಿತು.

ಆಗಲೇ ಹೆಂಡತಿ ಬಾಗಿಲಿಗೆ ಬಂದಳು. "ರೀ, ಅಮ್ಮನ ಟ್ರಂಕು, ಹಾಸಿಗೆ ಕಟ್ಟಿಯಾಯ್ತು. ಇವತ್ತು ಖಂಡಿತ ಹೊರಡ್ತಾರೆ ತಾನೆ?"

"ಉಂ," ಎಂದ ಮೇಸ್ತ್ರಿ. ನಾಲಿಗೆ ಪೈಪಿನಲ್ಲಿತ್ತು.

"ಹೂಂ ಅಂದ್ರೋ ಉಹೂಂ ಅಂದ್ರೋ?"

"ಭಾವ ಪೈಪಿನ ಜೊತೆ ಮಾತಾಡ್ತಿದಾರೆ ಅತ್ತಿಗೆ, ನಡುವೆ ಬಾಯಿ ಹಾಕಬೇಡಿ," ಎಂದ ಷಡ್ಡಕ ನೆಲದಿಂದಲೇ, ಲಾಕು ಸಿಕ್ಕಿದ ಸಂತೋಷದಲ್ಲಿ.

ಡಬ್ಬಿ ಕೂತಿತು. ಕೊನೆಗೆ ಉಳಿದದ್ದು ಕಡ್ಡಿಯ ಅಳತೆ. ಕಡ್ಡಿಯ ತುದಿಯ ನಟ್ಟು ಒಂದು ಸುತ್ತು ಹೆಚ್ಚು ಕಮ್ಮಿಯಾದರೂ ಟರ್ಬೊ ಬೇಗನೆಯೋ ತಡವಾಗಿಯೋ ಏಳುತ್ತದೆ. ಹಳೆಯದನ್ನು ಬಿಚ್ಚುವಾಗ ಮೇಸ್ತ್ರಿ ಅಳತೆ ಗುರುತು ಮಾಡಿಕೊಂಡಿದ್ದ. ನಟ್ಟನ್ನು ಗುರುತಿನ ತನಕ ತಂದ. ಸ್ಪ್ಯಾನರು ಹಿಡಿದ ಕೈ ಅಲ್ಲೇ ನಿಂತಿತು. ಇಪ್ಪತ್ತೆಂಟು ವರ್ಷದಲ್ಲಿ ಆ ಕೈ ಬೇಕೆಂದು ಒಂದು ನಟ್ಟನ್ನೂ ಸಡಿಲ ಬಿಟ್ಟಿರಲಿಲ್ಲ. ಈಗ ಮೆಲ್ಲಗೆ, ಬೇರೆ ಯಾರದೋ ಕೈಯಂತೆ, ಎರಡು ಸುತ್ತು ಹಿಂದಕ್ಕೆ ತಿರುಗಿಸಿತು. ಗಾಡಿ ಹಾಳಾಗುವುದಿಲ್ಲ. ದಿಬ್ಬ ಹತ್ತುವುದಿಲ್ಲ, ಅಷ್ಟೇ. ಇನ್ನೊಂದು ವಾರ ಸಿಕ್ಕೀತು.

"ಸ್ಟಾರ್ಟ್ ಮಾಡು," ಎಂದ, ದನಿ ಸರಿಮಾಡಿಕೊಂಡು.

ಷಡ್ಡಕ ಎಂಜಿನ್ನು ಶುರುಮಾಡಿ ಆಕ್ಸಿಲರೇಟರು ಒತ್ತಿದ. ಮೇಸ್ತ್ರಿಗೆ ಎಂದಿನ ಗುಡುಗಷ್ಟೇ ಕೇಳಿಸಿತು.

"ಉಸಿರು ತಡವಾಗಿ ಬರ್ತಿದೆಯಲ್ಲ?" ಎಂದರು ಅತ್ತೆ ಗಾಳಿಗೆ.

ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಸರಿಯಾಯ್ತು ಅನ್ಸುತ್ತೆ."

"ಸಾಲು ಮುಗಿದ ಮೇಲೆ ಉಸಿರು ತಗೊಂಡ್ರೆ ಏನು ಪ್ರಯೋಜನವೋ?" ಎಂದರು ಅತ್ತೆ, ಸ್ವಲ್ಪ ಗಟ್ಟಿಯಾಗಿ.

ಮೇಸ್ತ್ರಿ ಬಾನೆಟ್ಟು ಇಳಿಸಲು ಕೈ ಎತ್ತಿದ. ಸ್ಟೂಲು ಕಿರುಗುಟ್ಟಿತು. ಅವನಿಗೆ ಅದು ಕೇಳಿಸಲಿಲ್ಲ. ತಿರುಗಿ ನೋಡುವ ಹೊತ್ತಿಗೆ, ಆರು ತಿಂಗಳಲ್ಲಿ ಒಮ್ಮೆಯೂ ಹೊಸಿಲು ದಾಟಿ ಶೆಡ್ಡಿಗೆ ಕಾಲಿಡದ ಅತ್ತೆ ಎಣ್ಣೆ ಚೆಲ್ಲಿದ ನೆಲದ ಮೇಲೆ ಸೀರೆ ಎತ್ತಿ ಹಿಡಿದು ನಡೆದು ಬಂದು ಅವನ ಪಕ್ಕದಲ್ಲಿ ನಿಂತಿದ್ದರು.

"ಅಳಿಯಂದ್ರೇ," ಎಂದರು, ಈ ಸಲ ಗಾಳಿಗಲ್ಲ. "ಮರೆತು ತಪ್ಪೋನ ಉಸಿರು ಒಂದು ಥರ. ಬೇಕಂತ ಸಾಲು ಹಾರಿಸೋನ ಉಸಿರು ಇನ್ನೊಂದು ಥರ. ನಮ್ಮಪ್ಪನ ಮನೇಲಿ ಎರಡೂ ಕೇಳಿದೀನಿ."

ಮೇಸ್ತ್ರಿ ಕಿವಿಯ ತನಕ ಕೆಂಪಾದ. ಬಗ್ಗಿ, ಎರಡು ಸುತ್ತು ಮುಂದಕ್ಕೆ ತಿರುಗಿಸಿ, ಲಾಕ್ ನಟ್ಟು ಬಿಗಿ ಮಾಡಿದ. ಷಡ್ಡಕ ಮತ್ತೆ ಆಕ್ಸಿಲರೇಟರು ಒತ್ತಿದ. ಅತ್ತೆ ಕಣ್ಣು ಮುಚ್ಚಿ ಆ ಸದ್ದನ್ನು ಪೂರ್ತಿ ಕೇಳಿದರು.

"ಹಾಂ," ಎಂದರು. "ಈಗ ಓದ್ತಿದೆ."

ಟ್ರಂಕು, ಹಾಸಿಗೆ, ಕಬ್ಬಿಣದ ಮಂಚ ಹೇರಿಕೊಂಡು ಷಡ್ಡಕ ಒಬ್ಬನೇ ಪರೀಕ್ಷೆಗೆ ದಿಬ್ಬದ ಕಡೆ ಹೋದ. ಹೋದಷ್ಟೇ ಬೇಗ ತಿರುಗಿ ಬಂದ. ಮುಖ ಊರಗಲವಾಗಿತ್ತು. "ಮೂರನೇ ಗೇರಲ್ಲಿ ಭಾವ. ಮೊದಲು ಎರಡರಲ್ಲೂ ಅಳ್ತಿತ್ತು. ಒಂದು ಸೈಕಲ್ಲು ನನ್ನನ್ನೇ ಹಿಂದೆ ಹಾಕಿ ಹೋಗ್ತಿತ್ತು, ಇವತ್ತು ಅದಕ್ಕೆ ಹಾರ್ನ್ ಹೊಡೆದೆ." ಆಮೇಲೆ ಗಾಡಿ ಸರಿಯಾದದ್ದರ ಅರ್ಥ ಅವನಿಗೂ ಹೊಳೆಯಿತು. ಬಾಗಿಲು ತೆಗೆದು ಹಿಡಿದು, ಸಪ್ಪೆ ದನಿಯಲ್ಲಿ, "ಹತ್ತಿ ಅತ್ತೆ," ಎಂದ.

ಅತ್ತೆ ಮಗಳ ತಲೆ ಸವರಿ, ಪಿಕಪ್ಪಿನ ಮೆಟ್ಟಿಲ ಮೇಲೆ ಕಾಲಿಟ್ಟರು. ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ಅತ್ತೆ, ಹೋಗಬೇಡಿ. ನನಗೆ ಕಿವಿ ಕೇಳಲ್ಲ." ಅಂದುಬಿಟ್ಟ ಮೇಲೆ ಉಳಿದದ್ದೂ ಬಂತು. "ವರ್ಷ ಆಯ್ತು. ಈ ಆರು ತಿಂಗಳು ನಾನು ಹೇಳಿದ್ದೆಲ್ಲ ನಿಮ್ಮ ಕಿವಿ. ನೀವು ಹೋದ್ರೆ ನಾಳೆ ಬಾನೆಟ್ ಮೇಲೆ ಕೈ ಇಟ್ಕೊಂಡು ನಾನು ಏನು ಹೇಳ್ಲಿ?"

ಷಡ್ಡಕ ಅತ್ತೆಯನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ, ತನ್ನ ಗಾಡಿಯನ್ನು ನೋಡಿದ. ಅವನ ಮುಖದಲ್ಲಿ ಬೆಳಗಾದದ್ದು ಎಲ್ಲರಿಗೂ ಕಂಡಿತು.

"ಅಂದ್ರೆ ಕೇಳೋದು ಅತ್ತೆ?" ಎಂದ. ತಕ್ಷಣ ಸೀಟನ್ನು ತೋಳಿನಿಂದ ಒರೆಸಿ, ತನ್ನ ಬೆನ್ನಿನ ದಿಂಬನ್ನು ಅತ್ತೆಯ ಕಡೆಗಿಟ್ಟ. "ಅದೆಲ್ಲ ಆಗಲ್ಲ ಭಾವ. ಆರು ತಿಂಗಳು ಅಂದ್ರೆ ಆರು ತಿಂಗಳು. ಮಾತು ಅಂದ್ರೆ ಮಾತು. ನಮ್ಮ ಬೀದೀಲೇ ಹನ್ನೊಂದು ಗಾಡಿ ಇದಾವೆ."

"ಇಪ್ಪತ್ತು ದಿನ ಗಾಡಿ ನೆಪ ಹೇಳ್ತಿದ್ದೋನು ನೀನೇ ತಾನೇ?"

"ಗಾಡಿ ನಿಮ್ಮ ಕೈಯಿಂದ ಸರಿಹೋಯ್ತು. ನಾನೂ ಸರಿಹೋದೆ."

"ಅಮ್ಮ ಏನು ಸ್ಪ್ಯಾನರಾ, ಒಬ್ರಿಂದ ಒಬ್ರು ಇಸ್ಕೊಳ್ಳೋಕೆ?" ಎಂದಳು ಹೆಂಡತಿ, ಸೆರಗು ಬಾಯಿಗಿಟ್ಟುಕೊಂಡು. "ಆರು ತಿಂಗಳು ಬಾಗಿಲ ಹಿಂದೆ ನಿಂತು ನಗು ತಡ್ಕೊಂಡು ಸಾಕಾಗಿದೆ ನನಗೆ."

ಮೇಸ್ತ್ರಿಗೆ ಆ ಮಾತು ಬೇರೆ ಯಾವ ಮಾತಿಗಿಂತಲೂ ಚೆನ್ನಾಗಿ ಕೇಳಿಸಿತು.

ಅತ್ತೆ ಸೀಟಿನಲ್ಲಿ ಕೂತು, ದಿಂಬನ್ನು ತೆಗೆದು ಷಡ್ಡಕನ ಕಡೆಗೇ ಇಟ್ಟರು. "ನನ್ನ ಕಿವಿಯ ಹೆಸರು ನಿಮಗೆ ಬಂತು ಅಂತ ಬೇಜಾರಿಲ್ಲ ಅಳಿಯಂದ್ರೇ," ಎಂದರು ಮೇಸ್ತ್ರಿಗೆ. "ಪದ್ಯ ಕೇಳೋರ ಹೆಸರನ್ನು ಯಾರು ಕೇಳ್ತಾರೆ. ಆದ್ರೆ ಈ ಆರು ತಿಂಗಳಲ್ಲಿ ಒಂದು ದಿನಾನೂ ಮಾಲೆ ಪೂರ್ತಿ ಸುತ್ತಿ ಬಂದಿಲ್ಲ. ಭಗವಂತನ ಹೆಸರು ಅರ್ಧಕ್ಕೆ ಬರೋಷ್ಟರಲ್ಲಿ ಒಂದು ಗಾಡಿ ಒಳಗೆ ಬಂದೇ ಬರುತ್ತೆ. ಅವನು ಕಾಯ್ತಾನೆ, ನಿಜ. ಎಷ್ಟು ದಿನ ಕಾಯಿಸೋದು? ಸುಳ್ಳು ಹೇಳಿ ಬದುಕೋಕೆ ನಿಮಗೆ ಬರಲ್ಲ, ಎರಡು ಸುತ್ತಿಗೇ ಮುಖ ಕೆಂಪಾಯ್ತು. ಕಿವಿ ಕೇಳಲ್ಲ ಅಂತ ಹೇಳಿ. ಕೈ ಇದೆಯಲ್ಲ, ಬಿಚ್ಚಿ ನೋಡಿ."

ಷಡ್ಡಕ ಎಂಜಿನ್ನು ಶುರುಮಾಡಿದ. ಮೇಸ್ತ್ರಿ ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಹೊರಡುವ ಬಸ್ಸನ್ನು ಹಿಡಿದವನ ಹಾಗೆ.

"ಬಿಚ್ಚಿ ನೋಡ್ತೀನಿ ಅತ್ತೆ. ಎಲ್ಲರ ಹತ್ರ ಹೇಳ್ತೀನಿ. ಆದ್ರೂ ತೀರಾ ಕಷ್ಟದ ಗಾಡಿ ಬಂದ್ರೆ, ತಿಂಗಳಿಗೊಂದು ಸಲ, ಒಂದೇ ಒಂದು ಸಲ, ಫೋನ್ ಮಾಡಿ ಬಾನೆಟ್ ಹತ್ರ ಹಿಡೀತೀನಿ. ನೀವು ನನಗೆ ಹೇಳೋದೂ ಬೇಡ. ಗಾಳಿಗೆ ಹೇಳಿ."

ಅತ್ತೆ ಅವನ ಮುಖವನ್ನು ಪ್ರೀತಿಯಿಂದಲೇ ನೋಡಿದರು.

"ಇಲ್ಲ," ಎಂದರು. "ಹೇಳೋದಿಲ್ಲ."